ಮೆದುಳಿನ ಆಳದ ಗೆಡ್ಡೆ ತೆಗೆಯಲು ಟ್ಯೂಬ್ ಹಾಕಿದರೆ ಮೆದುಳಿಗೆ ಪೆಟ್ಟಾಗುವುದಿಲ್ಲವೇ?

ನೀವು ಕೇಳಿರುವುದು ಇದು: ಅಮ್ಮನಿಗೆ ಎಡಗಡೆ ವೆಂಟ್ರಿಕಲ್ (ಮೆದುಳಿನೊಳಗೆ ನೀರು ತುಂಬಿರುವ ಟೊಳ್ಳು ಜಾಗ) ಒಳಗೆ ಗೆಡ್ಡೆ ಇದೆ, ಡಾಕ್ಟರ್ ಟ್ಯೂಬ್ ಹಾಕಿ ತೆಗೆಯುತ್ತೇವೆ ಅಂದಿದ್ದಾರೆ, ಬೆರಳು ದಪ್ಪದ ಕೊಳವೆ ತೂರಿಸಿದರೆ ಮೆದುಳು ಹಾಳಾಗಲ್ವಾ, ಹಳೇ ರೀತಿನೇ ವಾಸಿ ಅಲ್ವಾ ಅಂತ.

ನಾನು ನ್ಯೂರೋಸರ್ಜರಿ ಓಟಿಯಲ್ಲಿ ಸ್ಕ್ರಬ್ ನರ್ಸ್. ಡಾಕ್ಟರ್ ಅಲ್ಲ, ಅಮ್ಮನ ಸ್ಕ್ಯಾನ್ ಕೂಡ ನೋಡಿಲ್ಲ. ಆದರೆ ಆ ಕೊಳವೆಯನ್ನು ಸರ್ಜನ್ ಕೈಗೆ ಕೊಡುವ ಕೆಲಸ ನನ್ನದು. ಹಾಗಾಗಿ ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. ನಿಮ್ಮ ಭಯಕ್ಕೆ ಅರ್ಥವಿದೆ. ಅಷ್ಟು ಆಳಕ್ಕೆ ಯಾವ ರೀತಿ ಹೋದರೂ ಮೆದುಳಿಗೆ ಸ್ವಲ್ಪವಾದರೂ ಪೆಟ್ಟು ಬೀಳುತ್ತದೆ. ಎಷ್ಟು ಬೀಳುತ್ತದೆ, ಎಲ್ಲಿ ಬೀಳುತ್ತದೆ ಅನ್ನುವುದನ್ನು ನೋಡಬೇಕು.

ಹಳೇ ರೀತಿಯಲ್ಲಿ ಲೋಹದ ಚಪ್ಪಟೆ ಪಟ್ಟಿಗಳಿಂದ ಮೆದುಳನ್ನು ಎರಡೂ ಕಡೆಗೆ ಸರಿಸಿ ಹಿಡಿಯುತ್ತಾರೆ. ಪಟ್ಟಿ ಒಂದೇ ಜಾಗವನ್ನು ಒತ್ತುತ್ತದೆ, ಅದರ ಅಂಚಿನಲ್ಲಂತೂ ಒತ್ತಡ ಜಾಸ್ತಿ. ಒತ್ತಡ ಮಿತಿ ಮೀರಿದರೆ ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಓಡುವುದಿಲ್ಲ. ಮೆದುಳು ಊದಿಕೊಳ್ಳುತ್ತದೆ, ಕೆಲವೊಮ್ಮೆ ಆ ಭಾಗವೇ ಸಾಯುತ್ತದೆ. ಅದಕ್ಕೇ ಸರ್ಜನ್‌ಗಳು ಪಟ್ಟಿಯನ್ನು ಆಗಾಗ ಸಡಿಲಿಸುತ್ತಾರೆ. ಗೆಡ್ಡೆ ಆಳಕ್ಕಿದ್ದಷ್ಟೂ ಈ ಕಷ್ಟ ಹೆಚ್ಚು.

ಕೊಳವೆ ದುಂಡಗಿರುವುದರಿಂದ ಒತ್ತಡ ಒಂದೇ ಕಡೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ಇದು ನಿನ್ನೆ ಮೊನ್ನೆ ಬಂದದ್ದೇನಲ್ಲ. 1980ರ ದಶಕದಲ್ಲೇ ಅಮೆರಿಕದ ಸರ್ಜನ್ ಪ್ಯಾಟ್ರಿಕ್ ಕೆಲಿ ಲೋಹದ ಕೊಳವೆ ಇಟ್ಟುಕೊಂಡು ಆಳದ ಗೆಡ್ಡೆಗಳನ್ನು ತೆಗೆದಿದ್ದರು. ಈಗಿನವುಗಳಲ್ಲಿ ವ್ಯೂಸೈಟ್ ಅನ್ನುವುದು ಪಾರದರ್ಶಕ ಪ್ಲಾಸ್ಟಿಕ್‌ನದು, 12ರಿಂದ 28 ಮಿಲಿಮೀಟರ್ ಅಗಲದವರೆಗೆ ಸಿಗುತ್ತದೆ. ಬ್ರೇನ್‌ಪಾತ್ ಅನ್ನುವ ಇನ್ನೊಂದು ಕೊಳವೆ 13.5 ಮಿಲಿಮೀಟರ್ ದಪ್ಪದ್ದು.

ಖಾಲಿ ಕೊಳವೆಯನ್ನು ಹಾಗೇ ತಳ್ಳುವುದಿಲ್ಲ. ಅದರೊಳಗೆ ಮೊಂಡು ತುದಿಯ, ಮುಂದಕ್ಕೆ ಹೋದಂತೆ ಸಣ್ಣಗಾಗುವ ಇನ್ನೊಂದು ಭಾಗ ಕೂತಿರುತ್ತದೆ. ಅದರ ಮಧ್ಯದಲ್ಲಿ ನ್ಯಾವಿಗೇಶನ್ ಕಡ್ಡಿ (ಎಲ್ಲಿದ್ದೇವೆ ಅಂತ ಸ್ಕ್ಯಾನ್ ಮೇಲೆ ತೋರಿಸುವುದು) ಇಟ್ಟು, ಪರದೆಯ ಮೇಲೆ ಸ್ಕ್ಯಾನ್ ನೋಡುತ್ತಾ, ನಿಧಾನವಾಗಿ ಇಳಿಸುತ್ತಾರೆ. ಗುರಿ ಮುಟ್ಟಿದ ಮೇಲೆ ಒಳಗಿನದನ್ನು ಹೊರಗೆಳೆದರೆ ಕೊಳವೆ ಮಾತ್ರ ಉಳಿಯುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಪ್ಲಾಸ್ಟಿಕ್ ಗೋಡೆಯ ಆಚೆ ಬಿಳಿ ಮೆದುಳು, ನಾಡಿ ಬಡಿದಂತೆಲ್ಲ ಮೆಲ್ಲಗೆ ಅಲುಗುತ್ತಿರುವುದು ಕಾಣುತ್ತದೆ. ಎಲ್ಲಾದರೂ ರಕ್ತ ಜಿನುಗಿದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಇಷ್ಟಾದರೂ, ನನ್ನ ಪ್ರಕಾರ ಕೊಳವೆಗಿಂತ ಅದು ಹೋಗುವ ದಾರಿ ಮುಖ್ಯ. ಮೆದುಳಿನೊಳಗೆ ನರತಂತುಗಳು ಕಟ್ಟುಕಟ್ಟಾಗಿ ಓಡುತ್ತವೆ: ಕೈಕಾಲು ಆಡಿಸಲು ಒಂದು ಕಟ್ಟು, ಮಾತಿಗೆ ಇನ್ನೊಂದು, ಕಣ್ಣಿಗೆ ಮತ್ತೊಂದು. ಜೋಳದ ಹೊಲದಲ್ಲಿ ಸಾಲಿನ ಗುಂಟ ನಡೆದರೆ ದಂಟು ಬಾಗಿ ದಾರಿ ಬಿಡುತ್ತದೆ, ಅಡ್ಡ ನುಗ್ಗಿದರೆ ಮುರಿಯುತ್ತದೆ. ಇಲ್ಲೂ ಅಷ್ಟೇ. ಡಿಟಿಐ ಅನ್ನುವ ವಿಶೇಷ ಎಂಆರ್‌ಐ ಮಾಡಿಸಿದರೆ ಈ ಕಟ್ಟುಗಳು ಬಣ್ಣಬಣ್ಣವಾಗಿ ಕಾಣುತ್ತವೆ. ಅವುಗಳ ಜೊತೆಜೊತೆಗೇ ಸಾಗುವ ದಾರಿ ಹುಡುಕುತ್ತಾರೆ. ಎಷ್ಟೋ ಸಲ ಮೆದುಳಿನ ಮಡಿಕೆಗಳ ನಡುವಿನ ಸಂದಿಯಿಂದಲೇ ಒಳಗಿಳಿಯುತ್ತಾರೆ, ಆಗ ದಾಟಬೇಕಾದ ಮೆದುಳು ಕಡಿಮೆಯಾಗುತ್ತದೆ. ಎಡಗಡೆ ಅಂದಿರಲ್ಲ, ಹೆಚ್ಚಿನವರಿಗೆ ಮಾತು ಎಡಭಾಗದಲ್ಲೇ ಇರುತ್ತದೆ. ಅದಕ್ಕೆ ಈ ವಿಷಯ ಒತ್ತಿ ಹೇಳುತ್ತಿದ್ದೇನೆ.

ತೊಂದರೆಗಳೂ ಇವೆ. ಸಕ್ಷನ್ (ರಕ್ತ ಹೀರುವ ನಳಿಕೆ), ಬೈಪೋಲಾರ್ (ರಕ್ತ ನಿಲ್ಲಿಸಲು ನಾಳ ಸುಡುವ ಚಿಮುಟ) ಎರಡೂ ಅದೇ ಸಣ್ಣ ಬಾಯಿಯಲ್ಲಿ ಇಳಿಯಬೇಕು. ದೊಡ್ಡ ರಕ್ತನಾಳ ಒಡೆದರೆ ಅಷ್ಟು ಕಿರಿದಾದ ಜಾಗದಲ್ಲಿ ನಿಲ್ಲಿಸುವುದು ಕಷ್ಟ. ಗೆಡ್ಡೆ ಕೊಳವೆಗಿಂತ ಅಗಲವಾಗಿದ್ದರೆ ಕೊಳವೆಯನ್ನು ಅತ್ತಿತ್ತ ವಾಲಿಸಬೇಕು, ವಾಲಿಸಿದಷ್ಟೂ ಮೆದುಳಿಗೆ ಎಳೆತ. ವೆಂಟ್ರಿಕಲ್ ತೆರೆದು ನೀರು ಹೊರಬಂದ ಕೂಡಲೇ ಮೆದುಳು ಸ್ವಲ್ಪ ಕುಸಿಯುತ್ತದೆ, ಆಮೇಲೆ ನ್ಯಾವಿಗೇಶನ್ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ವ್ಯತ್ಯಾಸ ಬರುತ್ತದೆ. ಇಂಥ ಹೊತ್ತಿನಲ್ಲಿ ಸರ್ಜನ್‌ರ ಕೈ ಎಷ್ಟು ಪಳಗಿದೆ ಅನ್ನುವುದೇ ಲೆಕ್ಕಕ್ಕೆ ಬರುತ್ತದೆ.

ನೆಟ್‌ನಲ್ಲಿ ಹುಡುಕಿದರೆ ಎನ್‌ರಿಚ್ ಅನ್ನುವ ಅಧ್ಯಯನ ಸಿಗುತ್ತದೆ. 2024ರಲ್ಲಿ ಪ್ರಕಟವಾಯಿತು, ಅಮೆರಿಕದ 300 ರೋಗಿಗಳ ಮೇಲೆ ನಡೆದದ್ದು. ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ 24 ಗಂಟೆಯೊಳಗೆ ಕೊಳವೆಯ ಮೂಲಕ ರಕ್ತ ತೆಗೆದಾಗ, ಬರೀ ಔಷಧಿಯಲ್ಲಿ ಇದ್ದವರಿಗಿಂತ ಒಟ್ಟಾರೆ ಚೇತರಿಕೆ ಚೆನ್ನಾಗಿತ್ತು. 30 ದಿನದೊಳಗಿನ ಸಾವು ಶೇಕಡಾ 18ರ ಬದಲು 9.3. ಆದರೆ ಲಾಭ ಕಂಡದ್ದು ಹೊರಪದರಕ್ಕೆ ಹತ್ತಿರದ ರಕ್ತಸ್ರಾವದಲ್ಲಿ. ಬೇಸಲ್ ಗ್ಯಾಂಗ್ಲಿಯಾ ಅನ್ನುವ ಆಳದ ಭಾಗದ ರಕ್ತಸ್ರಾವದಲ್ಲಿ ಲಾಭ ಕಾಣಲಿಲ್ಲ. ಈ ಅಧ್ಯಯನವನ್ನು ಅಮ್ಮನ ಗೆಡ್ಡೆಗೆ ಅನ್ವಯಿಸಬೇಡಿ. ಗೆಡ್ಡೆಗಳ ಬಗ್ಗೆ ಇರುವುದು ಬಹುಪಾಲು ಒಂದೊಂದು ಆಸ್ಪತ್ರೆಯ ಅನುಭವದ ವರದಿಗಳು. ಅವು ಭರವಸೆ ಕೊಡುವಂತಿವೆ, ಆದರೆ ಹಳೇ ರೀತಿಗೂ ಇದಕ್ಕೂ ಸರಿಯಾಗಿ ತೂಗಿ ನೋಡಿದಂಥವಲ್ಲ.

ಡಾಕ್ಟರ್ ಹತ್ತಿರ ಹೋದಾಗ ಸ್ಕ್ಯಾನ್ ತೆಗೆದು ದಾರಿ ತೋರಿಸಿ ಅಂತ ಕೇಳಿ. ಎಲ್ಲಿಂದ ಒಳಗೆ ಹೋಗ್ತೀರಿ, ಮಾತಿನ ತಂತು ಎಷ್ಟು ದೂರದಲ್ಲಿದೆ, ಡಿಟಿಐ ಬೇಕಾ? ವೆಂಟ್ರಿಕಲ್ ಒಳಗಿನ ಕೆಲವು ಗೆಡ್ಡೆಗಳನ್ನು ಎಂಡೋಸ್ಕೋಪ್‌ನಿಂದ (ಕ್ಯಾಮೆರಾ ಜೋಡಿಸಿದ ಸಪೂರ ಉಪಕರಣ), ಇಲ್ಲವೇ ಮೆದುಳಿನ ಎಡ, ಬಲ ಅರ್ಧಗಳ ನಡುವಿನಿಂದಲೂ ತೆಗೆಯುತ್ತಾರೆ. ಅದನ್ನು ಬಿಟ್ಟು ಕೊಳವೆ ಯಾಕೆ ಅಂತಲೂ ಕೇಳಿ. ಕೊಳವೆಯಲ್ಲಿ ಆಗದಿದ್ದರೆ ಮುಂದೇನು ಅನ್ನುವುದನ್ನು ಖಂಡಿತ ಕೇಳಿ. ಇದನ್ನೆಲ್ಲ ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚಿನ ಬಗ್ಗೆಯೂ ಒಂದು ಮಾತು. ಕಂಪನಿಯ ಕೊಳವೆ ದುಬಾರಿ. ನಮ್ಮ ದೇಶದಲ್ಲಿ ಕೆಲವು ಸರ್ಜನ್‌ಗಳು ಸ್ಟೆರೈಲ್ ಸಿರಿಂಜನ್ನೇ ಕತ್ತರಿಸಿ, ಅಂಚು ನಯ ಮಾಡಿ ಬಳಸುತ್ತಾರೆ, ಅದರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲೂ ಬರೆದಿದ್ದಾರೆ. ನಿಮ್ಮ ಡಾಕ್ಟರ್ ಹಾಗೆ ಹೇಳಿದರೆ ಗಾಬರಿಯಾಗಬೇಡಿ. ಕಂಪನಿಯದೇ ಅಂದರೆ, ಇನ್ಶೂರೆನ್ಸ್‌ನಲ್ಲಿ ಬರುತ್ತಾ ಅಂತ ಅಡ್ಮಿಟ್ ಆಗುವ ಮೊದಲೇ ಬಿಲ್ಲಿಂಗ್‌ನಲ್ಲಿ ವಿಚಾರಿಸಿಕೊಳ್ಳಿ.