128 ಜಿಬಿ ಕಾರ್ಡ್: ಎ1 ಸಾಕಾ, ಎ2 ಬೇಕಾ?

ಫೋನಿನ 64 ಜಿಬಿ ತುಂಬಿದೆ, 128 ಜಿಬಿ ಮೆಮೊರಿ ಕಾರ್ಡ್ ಹಾಕಬೇಕು, ಎ1 ಸಾಕಾ ಎ2 ಬೇಕಾ ಅಂತ ಕೇಳಿದ್ದೀರಿ. ಎ1, ಎ2 ಅಂದರೆ ಕಾರ್ಡಿನಿಂದ ಆ್ಯಪ್ ಓಡಿಸುವಾಗಿನ ವೇಗದ ದರ್ಜೆ. ಎ1 ಸಾಕು. ಎ2ರ ಪೂರ್ತಿ ವೇಗ ಸಿಗಬೇಕಾದರೆ ಫೋನ್ ಕೂಡ ಅದಕ್ಕೆ ತಕ್ಕಂತೆ ಇರಬೇಕು, ಇಲ್ಲದಿದ್ದರೆ ಸುಮ್ನೆ ಜಾಸ್ತಿ ದುಡ್ಡು.

ಮೊದಲು ನಿಮ್ಮ ಫೋನ್ ಎಷ್ಟು ಜಿಬಿವರೆಗೆ ತಗೊಳ್ಳುತ್ತದೆ ನೋಡಿ, ಹಳೆಯ ಕೆಲವು 32ಕ್ಕೇ ನಿಲ್ಲುತ್ತವೆ. ಆಮೇಲೆ, ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದಿರುವ 100, 150 ಎಂಬಿ ನೋಡಿ ಮರುಳಾಗಬೇಡಿ. ಅದು ಹೆಚ್ಚಾಗಿ ಕಾರ್ಡಿನಿಂದ ಓದುವ ವೇಗ, ವಿಡಿಯೋ ತೆಗೆಯುವಾಗ ಬೇಕಾಗುವುದು ಬರೆಯುವ ವೇಗ ಅಲ್ವಾ? ಅದಕ್ಕೆ ಇಂಗ್ಲಿಷ್ ಯು ಅಕ್ಷರದ ಒಳಗಿರುವ ಅಂಕಿ ನೋಡಿ: 1 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, 3 ಇದ್ದರೆ 30. 4ಕೆ ವಿಡಿಯೋ ತೆಗೆಯುವುದಾದರೆ 3 ಇರುವುದನ್ನೇ ತಗೊಳ್ಳಿ.

ಇನ್ನು 400 ರೂಪಾಯಿಗೆ 1 ಟಿಬಿ ಅನ್ನುವ ಜಾಹೀರಾತು ನೋಡಿ ಕಾರ್ಡ್ ತಗೊಳ್ಳುವುದು, ದಯವಿಟ್ಟು ಬೇಡ! ಅಂಥದ್ದೊಂದು ತಂದು ನಾನು ಒಂದು ಮದುವೆಯ ಫೋಟೋ ಎಲ್ಲ ಕಳೆದುಕೊಂಡೆ. ಫೋಟೋದ ಹೆಸರು ಕಾಣುತ್ತದೆ, ತೆರೆದರೆ ಖಾಲಿ. ಯಾವ ಕಾರ್ಡ್ ತಂದರೂ ಮೊದಲ ದಿನವೇ ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ (H2testw) ಅನ್ನುವ, ಕಾರ್ಡ್ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿ. ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ, ನಕಲಿಯಾದರೆ ಅಲ್ಲೇ ಗೊತ್ತಾಗುತ್ತದೆ, ವಾಪಸ್ ಕೊಡಲು ದಿನವೂ ಉಳಿದಿರುತ್ತದೆ.