ಮೊದಲನೇದು ಸಿಸೇರಿಯನ್, ಎರಡನೇದು ನಾರ್ಮಲ್ ಆಗತ್ತಾ?

ಮೂಡಿಗೆರೆ ಕಡೆಯಿಂದ ಕೇಳಿದೀರ, ಮೊದಲನೇದು ಸಿಸೇರಿಯನ್, ಈಗ ಐದು ತಿಂಗಳು, ನಾರ್ಮಲ್ ಆಗತ್ತಾ ಅಂತ. ಆಗಬಹುದು, ಆದ್ರೆ ಅದು ಹೊಟ್ಟೆ ಮೇಲಿನ ಹೊಲಿಗೆ ನೋಡಿ ಹೇಳೋ ಮಾತಲ್ಲ, ಒಳಗೆ ಗರ್ಭಕೋಶನ ಹೇಗೆ ಕೊಯ್ದಿದ್ರು ಅನ್ನೋದು ಮುಖ್ಯ. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ರೆ ಹೆರಿಗೆ ನೋವಲ್ಲಿ ಆ ಗಾಯ ಬಿಟ್ಕೊಳ್ಳೋದು ಸುಮಾರು 200 ಜನಕ್ಕೆ ಒಬ್ಬರಿಗೆ, ಮೇಲೆ ಉದ್ದಕ್ಕೆ ಕೊಯ್ದಿದ್ರೆ ಅಥವಾ ಫೈಬ್ರಾಯ್ಡ್ ಗಡ್ಡೆ ಆಳದಿಂದ ತೆಗೆಸಿದ್ರೆ ರಿಸ್ಕ್ ಜಾಸ್ತಿ, ಆಗ ಸಾಮಾನ್ಯವಾಗಿ ನೋವು ಶುರುವಾಗೋಕೆ ಮುಂಚೆನೇ ಆಪರೇಷನ್ ಡೇಟ್ ಕೊಡ್ತಾರೆ. ಅದಕ್ಕೇ ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ನನ್ನ ತಂಗಿದು ಬೀರುವಲ್ಲಿ ಸೀರೆ ಕೆಳಗೆ ಮಡಚಿಟ್ಟು ಅಕ್ಷರ ಅರ್ಧ ಅಳಿಸಿಹೋಗಿತ್ತು, ಆದ್ರೂ ಗರ್ಭಕೋಶ ಹೇಗೆ ಕೊಯ್ದಿದ್ರು ಅಂತ ಬರೆದಿದ್ದ ಒಂದು ಸಾಲು ಉಳಿದಿತ್ತು, ಅದನ್ನ ನೋಡೇ ಡಾಕ್ಟ್ರು ತೀರ್ಮಾನ ಮಾಡಿದ್ದು.

ಇನ್ನೊಂದು, ಸ್ಕ್ಯಾನಲ್ಲಿ ಮಾಸು (ಪ್ಲಸೆಂಟಾ) ಎಲ್ಲಿದೆ ಅಂತ ಬಾಯಿ ಬಿಟ್ಟು ಕೇಳಿ. ಅದು ಕೆಳಗಿಳಿದು ಹಳೇ ಗಾಯದ ಮೇಲೆ ಕೂತಿದ್ರೆ ಒಳಗೆ ಬೇರು ಬಿಟ್ಟ ಹಾಗೆ ಅಂಟ್ಕೊಂಡಿರಬಹುದು, ಹೆರಿಗೆ ಆದ್ಮೇಲೆ ಬಿಡಲ್ಲ, ವಿಪರೀತ ರಕ್ತ ಹೋಗತ್ತೆ, ಕೆಲವೊಮ್ಮೆ ಗರ್ಭಕೋಶನೇ ತೆಗೀಬೇಕಾಗತ್ತೆ. ಹಾಗಾಗಿ ರಕ್ತ, ರಾತ್ರಿ ಹೊತ್ತಲ್ಲೂ ಅನಸ್ತೇಷಿಯಾ ಡಾಕ್ಟ್ರು ಸಿಗೋ ದೊಡ್ಡಾಸ್ಪತ್ರೆಲೇ ಹೆರಿಗೆ ಇಟ್ಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ರೋಡ್ ಬಂದ್ ಆಗೋ ತೋಟದ ಮನೆ ಆದ್ರೆ ಡೇಟ್‌ಗೆ ಎರಡು ವಾರ ಮುಂಚೆನೇ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ನೆಂಟರ ಮನೆ ಸೇರ್ಕೊಳ್ಳಿ, ಸಂಕೋಚ ಬೇಡ.

ನೋವು ಬಂದು ಹೋಗೋ ಮಧ್ಯೆನೂ ಗಾಯದ ಜಾಗ ಬಿಡದೆ ನೋಯ್ತಿದ್ರೆ, ರಕ್ತ ಕಂಡ್ರೆ, ಮಗು ಅಲ್ಲಾಡೋದು ಕಮ್ಮಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.