ಅಡಿಕೆ ಲೆಕ್ಕದ ಸಾಲುಗಳನ್ನು ಪೈಡಾಂಟಿಕ್‌ಗೆ ಕೊಡುವ ಮುನ್ನ

ಪ್ರಶ್ನೆ: ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ನೋಡಿಕೊಳ್ಳುತ್ತೇನೆ. ಸಿದ್ದಾಪುರ, ಯಲ್ಲಾಪುರ, ಕುಮಟಾದಿಂದ ದಿನವೂ ಎಕ್ಸೆಲ್, ಸಿಎಸ್‌ವಿ ಫೈಲುಗಳು ಬರುತ್ತವೆ. ಅದರಲ್ಲಿ ದಿನಾಂಕ, ಸದಸ್ಯ ಸಂಖ್ಯೆ, ಅಡಿಕೆಯ ಬಗೆ, ತೂಕ, ದರ, ಮೊತ್ತ ಇರುತ್ತವೆ. ಪೈಥಾನ್‌ನಲ್ಲಿ ಕೋಷ್ಟಕ ಓದುವ ಪಾಂಡಾಸ್ ಲೈಬ್ರರಿಯಲ್ಲಿ ಓದಿ, ಡೇಟಾ ಸರಿಯಿದೆಯೇ ಎಂದು ಪರೀಕ್ಷಿಸುವ ಪೈಡಾಂಟಿಕ್ ಲೈಬ್ರರಿಯ ಮಾಡೆಲ್‌ಗೆ (ಒಂದು ಸಾಲಿನ ಫೀಲ್ಡ್‌ಗಳ ನಿಯಮಪಟ್ಟಿಗೆ) ಕೊಡುತ್ತೇನೆ. ಎರರ್ ಏನೂ ಬರುವುದಿಲ್ಲ. ಆದರೂ ಮಾರ್ಚ್‌ನ ಕೆಲವು ವಹಿವಾಟು ಮೇ ತಿಂಗಳಲ್ಲಿ ಕಾಣುತ್ತವೆ, ಕೆಂಪಗೋಟು ಎಂಬ ಒಂದೇ ಬಗೆಯ ಅಡಿಕೆ ಎರಡು ಬಗೆಯಾಗಿ ಎಣಿಕೆಯಾಗುತ್ತದೆ. ಲೈಬ್ರರಿ ಬದಲಿಸಲೇ?

ಉತ್ತರ: ಬೇಡ. ಮಾರ್ಷ್‌ಮ್ಯಾಲೋ ಎಂಬ ಇಂಥದ್ದೇ ಲೈಬ್ರರಿಗೆ ಹೋದರೂ ಇದೇ ಆಗುತ್ತದೆ, ಏಕೆಂದರೆ ಪೈಡಾಂಟಿಕ್ ಕೈಗೆ ಸಿಗುವ ಮೊದಲೇ ಡೇಟಾ ಕೆಟ್ಟಿದೆ. ದಿನಾಂಕ ಕೆಡಿಸಿದ್ದು ಪಾಂಡಾಸ್‌ನ ಊಹೆ. 05-03-2024 ಎಂಬುದನ್ನು ಅದು ತಿಂಗಳು ಮೊದಲು ಎಂದು ಓದಿ ಮೇ 3 ಮಾಡುತ್ತದೆ. ಪಾಂಡಾಸ್ 2.0ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ಊಹೆ ಸಾಲಿನಿಂದ ಸಾಲಿಗೆ ಬದಲಾಗುತ್ತಿತ್ತು: 25-03 ಮಾರ್ಚ್‌ನಲ್ಲೇ ಉಳಿದರೆ 05-03 ಮೇಗೆ ಹಾರುತ್ತಿತ್ತು. ತಿಂಗಳ ಮೊದಲ 12 ದಿನಗಳ ಸಾಲುಗಳಷ್ಟೇ ಕೆಟ್ಟಿವೆಯೇ ನೋಡಿ. ಹಾಗಿದ್ದರೆ ಕಾರಣ ಇದೇ.

ಆದ್ದರಿಂದ ಫೈಲನ್ನು ಓದುವಾಗ ಎಲ್ಲ ಕಾಲಮ್‌ಗಳನ್ನೂ ಸ್ಟ್ರಿಂಗ್ (ಬರೀ ಅಕ್ಷರಸಾಲು) ಆಗಿಯೇ ತೆಗೆದುಕೊಳ್ಳಿ, ಕಾಲಮಿನ ಬಗೆ ಹೇಳುವ ಡಿಟೈಪ್‌ಗೆ ಸ್ಟ್ರಿಂಗ್ ಎಂದು ಹೇಳಿ. ಆಗ ಸದಸ್ಯ ಸಂಖ್ಯೆ 0047 ಕೂಡ 47 ಆಗುವುದಿಲ್ಲ. ದಿನಾಂಕಕ್ಕೆ ನಿಮ್ಮದೇ ಫಂಕ್ಷನ್ ಬರೆದು ಬಿಫೋರ್ ವ್ಯಾಲಿಡೇಟರ್ (ಪೈಡಾಂಟಿಕ್‌ನ ಸ್ವಂತ ಪರೀಕ್ಷೆಗೂ ಮೊದಲು ಓಡುವ ಪರೀಕ್ಷೆ) ಆಗಿ ಹಾಕಿ. ಅದು ಮೂರೇ ರೂಪ ಒಪ್ಪಲಿ: ದಿನ-ತಿಂಗಳು-ವರ್ಷ, ಎಕ್ಸೆಲ್‌ನ ದಿನಾಂಕದ ಸೆಲ್‌ನಿಂದ ಬರುವ 2024-03-05 00:00:00, ಮತ್ತು ಸೆಲ್‌ನ ಫಾರ್ಮ್ಯಾಟ್ ಕಳೆದುಹೋದಾಗ ಬರುವ 45356ರಂಥ ಸಂಖ್ಯೆ. ಈ ಮೂರನೆಯದು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳು, ಅಂದರೆ ಅದೇ 2024ರ ಮಾರ್ಚ್ 5. ಇದನ್ನು ಹಾಗೆಯೇ ಡೇಟ್‌ಟೈಮ್ ಫೀಲ್ಡ್‌ಗೆ ಕೊಟ್ಟರೆ ಪೈಡಾಂಟಿಕ್ ಸೆಕೆಂಡು ಎಂದು ತಿಳಿದು 1970ರ ಜನವರಿ 1ರ ಮಧ್ಯಾಹ್ನ ಮಾಡಿಬಿಡುತ್ತದೆ, ಅದೂ ಎರರ್ ಇಲ್ಲದೆ.

ಕೆಂಪಗೋಟಿನ ತೊಂದರೆ ಯುನಿಕೋಡ್‌ನದು, ಅಂದರೆ ಅಕ್ಷರಗಳಿಗೆ ಕೋಡ್ ಸಂಖ್ಯೆ ಕೊಡುವ ಪದ್ಧತಿಯದು. 'ಗೋ'ದ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಮೂರು ಬಿಡಿ ಕೋಡ್‌ಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬಿಳಿಗೋಟು, ಕೋಕಕ್ಕೂ ಇದೇ ಗತಿ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಕೋಡ್‌ಗಳನ್ನು ಒಂದಾಗಿ ಸೇರಿಸಿದ ರೂಪ) ತನ್ನಿ. ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು (ಅಕ್ಷರ ಕೂಡಿಸಲು, ಬೇರ್ಪಡಿಸಲು ಬಳಸುವ ಕೋಡ್‌ಗಳನ್ನು) ಎನ್‌ಎಫ್‌ಸಿ ತೆಗೆಯುವುದಿಲ್ಲ, ಅವನ್ನು ನೀವೇ ತೆಗೆಯಬೇಕು. ಆದರೆ ಬಗೆಯ ಕಾಲಮಿನಲ್ಲಿ ಮಾತ್ರ. ರೈತರ ಹೆಸರಿನಲ್ಲಿ ತೆಗೆದರೆ ಅರ್ಕಾವತ್ತಿನ ರೂಪವೇ ಬದಲಾದೀತು. ಆಮೇಲೆ 'ಕೆಂಪುಗೋಟು' ಎಂದು ಬರೆಯುವವರಿಗಾಗಿ ಒಂದು ಪರ್ಯಾಯ ಪಟ್ಟಿ ಇಟ್ಟು, ಕೊನೆಗೆ ರಾಶಿ, ಚಾಲಿ, ಬೆಟ್ಟೆ, ಕೋಕ ಮುಂತಾದವುಗಳ ಈನಮ್‌ನಿಂದ (ಒಪ್ಪುವ ಮೌಲ್ಯಗಳ ನಿಗದಿತ ಪಟ್ಟಿಯಿಂದ) ಪರೀಕ್ಷಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿಗೆ ಇದ್ಯಾವುದೂ ನಾಟುವುದಿಲ್ಲ, ಮೊದಲು ಕನ್ವರ್ಟರ್‌ನಲ್ಲಿ ಯುನಿಕೋಡ್ ಮಾಡಿಕೊಳ್ಳಿ.

ಕನ್ನಡ ಅಂಕಿ ಬಂದರೂ ಮೊದಲೇ 0–9ಕ್ಕೆ ಬದಲಿಸಿ. ಪೈಥಾನ್‌ನ ಇಂಟ್ '೪೫'ನ್ನು ಒಪ್ಪುತ್ತದೆ, ವೆಬ್ ಪುಟಗಳ ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಇದೇ ಡೇಟಾ ಮುಂದೆ ವೆಬ್‌ಗೆ ಹೋದರೆ ಎರಡೂ ಕಡೆ ಒಂದೇ ಫಲಿತಾಂಶ ಬೇಕಲ್ಲ.

ತೂಕ ಮತ್ತು ದರಕ್ಕೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ನಿಖರವಾಗಿ ಇಡುವ ಡೆಸಿಮಲ್ ಇರಲಿ. ತೂಕ 2.5 ಎಂದರೆ ಕ್ವಿಂಟಲೋ ಕಿಲೋವೋ ಎಂದು ಸಂಖ್ಯೆಯ ಗಾತ್ರ ನೋಡಿ ಊಹಿಸುವ ಕೋಡ್ ಬರೆಯಲೇಬೇಡಿ. ಅಳತೆಯ ಮಾನದ ಕಾಲಮ್ ಕಡ್ಡಾಯ ಮಾಡಿ. ಕೊನೆಯಲ್ಲಿ ಇಡೀ ಸಾಲನ್ನು ಒಟ್ಟಿಗೆ ನೋಡುವ ಮಾಡೆಲ್ ವ್ಯಾಲಿಡೇಟರ್ ಹಾಕಿ, ತೂಕವನ್ನು ದರದಿಂದ ಗುಣಿಸಿ ಮೊತ್ತಕ್ಕೆ ತಾಳೆ ನೋಡಿ: 2.5 ಕ್ವಿಂಟಲ್, ದರ 48,500, ಮೊತ್ತ 1,21,250. ಒಂದು ರೂಪಾಯಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಲು ತಿರಸ್ಕಾರ. ಬೇರೆ ಪರೀಕ್ಷೆಗಳಿಗೆ ತಪ್ಪಿಸಿಕೊಂಡ ಮಾನದ ತಪ್ಪು ಇಲ್ಲಿ ಸಿಕ್ಕಿಬೀಳುತ್ತದೆ.

ಮಾಡೆಲ್‌ನಲ್ಲಿ ಇಲ್ಲದ ಕಾಲಮ್ ಬಂದರೆ ಏನು ಮಾಡಬೇಕೆಂದು ಹೇಳುವ ಎಕ್ಸ್‌ಟ್ರಾ ಸೆಟ್ಟಿಂಗನ್ನು ಫರ್ಬಿಡ್‌ಗೆ (ನಿಷೇಧ) ಬದಲಿಸಿ. ಡೀಫಾಲ್ಟ್ ಇಗ್ನೋರ್ (ಕಡೆಗಣಿಸು) ಆದ್ದರಿಂದ, ಕಡ್ಡಾಯವಲ್ಲದ ಕಾಲಮಿನ ತಲೆಬರಹ ತಪ್ಪಾದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಆದರೆ ಡೇಟಾದ ಬಗೆ ಬದಲಿಸಲು ಬಿಡದ ಸ್ಟ್ರಿಕ್ಟ್ ಸೆಟ್ಟಿಂಗ್ ಹಾಕಬೇಡಿ, ಸ್ಟ್ರಿಂಗ್ ರೂಪದ ತೂಕ, ದರ ಎಲ್ಲವೂ ತಿರಸ್ಕಾರವಾಗುತ್ತವೆ.

ವ್ಯಾಲಿಡೇಷನ್ ಎರರ್ ಒಂದು ಸಾಲಿನ ಎಲ್ಲ ಫೀಲ್ಡ್‌ಗಳ ತಪ್ಪನ್ನೂ ಒಟ್ಟಿಗೆ ಕೊಡುತ್ತದೆ: ಯಾವ ಫೀಲ್ಡ್, ಯಾವ ಬಗೆಯ ತಪ್ಪು, ಬಂದ ಮೌಲ್ಯ ಏನು. ಅದಕ್ಕೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಸೇರಿಸಿ ಬೇರೆ ಹಾಳೆಯಲ್ಲಿ ಬರೆದು, ಕಳಿಸಿದವರಿಗೇ ತಿದ್ದಲು ಕೊಡಿ. ನೀವು ಕೈಯಾರೆ ತಿದ್ದಿದರೆ ಮೂಲ ಫೈಲಿನಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಬಂಗಡೆ ಖರೀದಿಗೆ ವೆಬ್ ಫಾರ್ಮ್ ಮಾಡಿದ್ದೇನೆ, ಡೇಟಾ ಪರೀಕ್ಷಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಜಾಡ್ ಬಳಸಿ. ತೂಕ ಖಾಲಿ ಬಿಟ್ಟರೂ 0 ಎಂದು ಸೇವ್ ಆಗುತ್ತದೆ. ಏಕೆ?

ಉತ್ತರ: ನೀವು ಬಳಸಿರುವುದು ಬಹುಶಃ ಜಾಡ್‌ನ ಕೊಯರ್ಸ್ ನಂಬರ್ (ಬಂದದ್ದನ್ನು ಸಂಖ್ಯೆಯಾಗಿ ಬದಲಿಸುವ ವಿಧಾನ). ಅದು ಒಳಗೆ ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್ನನ್ನೇ ಕರೆಯುತ್ತದೆ. ಅದಕ್ಕೆ ಖಾಲಿ ಸ್ಟ್ರಿಂಗ್ ಅಂದರೆ 0, ನಲ್ ಅಂದರೂ 0. ಫೀಲ್ಡನ್ನು ಸ್ಟ್ರಿಂಗ್ ಆಗಿ ತೆಗೆದುಕೊಂಡು ಟ್ರಿಮ್ ಮಾಡಿ, ಕನಿಷ್ಠ ಒಂದು ಅಕ್ಷರ ಇರಲೇಬೇಕೆಂದು ಹೇಳಿ, ಅಂಕಿಯ ರೆಜೆಕ್ಸ್ (ಅಕ್ಷರಗಳ ಮಾದರಿ ಪರೀಕ್ಷೆ) ದಾಟಿದ ಮೇಲೆ ಟ್ರಾನ್ಸ್‌ಫಾರ್ಮ್‌ನಲ್ಲಿ ಸಂಖ್ಯೆ ಮಾಡಿ, ಮುಂದಿನ ಪರೀಕ್ಷೆಗೆ ದಾಟಿಸುವ ಪೈಪ್‌ನಿಂದ ಪಾಸಿಟಿವ್ (ಸೊನ್ನೆಗಿಂತ ಹೆಚ್ಚು) ಪರೀಕ್ಷೆಗೆ ಕೊಡಿ. ಈಗಾಗಲೇ ಸೇವ್ ಆಗಿರುವ ಸೊನ್ನೆಗಳನ್ನು ಅಳಿಸಬೇಡಿ, ತೂಕದ ಚೀಟಿಗಳ ಜೊತೆ ತಾಳೆ ನೋಡಿ ತುಂಬಿ.